ಸಿಡಿಲಿಗೆ ನೆಲದ ದಾರಿ ತೋರಿಸಿ: ಮನೆಯ ಅರ್ಥಿಂಗ್ ಹೀಗಿರಲಿ

ಭರಣಿ, ಕೃತ್ತಿಕಾ ಮಳೆಗಳೆಂದರೆ ಬೆಂಗಳೂರಿಗೆ ಗುಡುಗು ಸಿಡಿಲಿನ ಕಾಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ 30x40 ಸೈಟುಗಳಲ್ಲಿ ಮನೆಗಳು ಮೂರು-ನಾಲ್ಕು ಅಂತಸ್ತು ಏರಿವೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಸ್ಟ್ಯಾಂಡು, ಸೋಲಾರ್ ಹೀಟರ್, ಡಿಶ್ ಆಂಟೆನಾ ಎಲ್ಲವೂ ಲೋಹದವೇ. ಸಿಡಿಲನ್ನು ತಡೆದು ನಿಲ್ಲಿಸಲಾಗದು. ಅದು ಯಾವ ದಾರಿಯಲ್ಲಿ ಇಳಿಯಬೇಕೆಂಬುದನ್ನು ನಾವು ನಿರ್ಧರಿಸಬಹುದು. ಕಡಲಿನ ಹಾಯಿದೋಣಿಯಲ್ಲಿಯೂ ಇದೇ ತತ್ವ. ಕೂವೆಮರದ ತುದಿಯಿಂದ ನೀರಿನಲ್ಲಿ ಮುಳುಗಿರುವ ಲೋಹದ ತಟ್ಟೆಯವರೆಗೆ ದಪ್ಪ ತಾಮ್ರದ ತಂತಿ ಎಳೆದಿರುತ್ತಾರೆ.

1. ಕಡ್ಡಿ: ಸಿಡಿಲು ನಿರೋಧಕದ ಕಡ್ಡಿ ತಾರಸಿಯ ಎಲ್ಲ ವಸ್ತುಗಳಿಗಿಂತ ಎತ್ತರದಲ್ಲಿರಬೇಕು. ಅದರ ತುದಿಯಿಂದ ಸುತ್ತಲೂ 45 ಡಿಗ್ರಿ ಇಳಿಜಾರಿನ ಕೊಡೆ ಹಿಡಿದಂತೆ ಊಹಿಸಿ. ಟ್ಯಾಂಕು, ಸೋಲಾರ್ ಎಲ್ಲ ಅದರೊಳಗೆ ಬರಬೇಕು. ಬಾರದಿದ್ದರೆ ಇನ್ನೊಂದು ಕಡ್ಡಿ ಹಾಕಿಸಿ.

2. ಇಳಿಪಟ್ಟಿ: ಕಡ್ಡಿಯಿಂದ ನೆಲಕ್ಕೆ 25x3 ಮಿ.ಮೀ. ಜಿ.ಐ. ಪಟ್ಟಿ ಇಳಿಸಿ. ಮನೆಯ ಎದುರುಬದುರು ಮೂಲೆಗಳಲ್ಲಿ ಎರಡು ಪಟ್ಟಿಗಳಿದ್ದರೆ ಒಳ್ಳೆಯದು. ದಾರಿ ನೇರವಾಗಿರಲಿ. ಸಜ್ಜಾ ಬಂದಲ್ಲಿ ಚೂಪಾಗಿ ಮಡಚಿದರೆ ಸಿಡಿಲು ಪಟ್ಟಿ ಬಿಟ್ಟು ಗೋಡೆಗೆ ಹಾರಬಹುದು. ಅಗಲವಾಗಿ ಬಳಸಿ ತನ್ನಿ.

3. ಅರ್ಥ್ ಪಿಟ್: 40 ಮಿ.ಮೀ. ವ್ಯಾಸದ, ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪು ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಿಸುವುದು ರೂಢಿ. ಉಪ್ಪು ಪೈಪಿಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ತಾಮ್ರ ಲೇಪಿತ ಸರಳು, ಬೆಂಟೊನೈಟ್ ಪುಡಿ ಬಳಸುವ ‘ಕೆಮಿಕಲ್ ಅರ್ಥಿಂಗ್’ ಹೆಚ್ಚು ಬಾಳಿಕೆ ಬರುತ್ತದೆ. ಪಿಟ್ಟಿನ ಮುಚ್ಚಳದ ಮೇಲೆ ಸಿಮೆಂಟ್ ಹಾಕಿ ಮುಚ್ಚಬೇಡಿ, ನೀರು ಹಾಕಲು, ಪರೀಕ್ಷಿಸಲು ಅದು ತೆರೆಯುವಂತಿರಬೇಕು.

4. ಎಲ್ಲ ಅರ್ಥ್ ಒಂದಾಗಲಿ: ಹೆಚ್ಚಿನವರು ತಪ್ಪುವುದು ಇಲ್ಲೇ. ಸಿಡಿಲಿಗೆ ಪ್ರತ್ಯೇಕ ಪಿಟ್ ಮಾಡಿಸಿ, ಮನೆಯ ವೈರಿಂಗ್ ಅರ್ಥಿಗೆ ಜೋಡಿಸದೆ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಸಿಡಿಲಿನ ಕರೆಂಟು ಸಾಮಾನ್ಯವಾಗಿ 30,000 ಆಂಪಿಯರ್ ಮುಟ್ಟುತ್ತದೆ. ಪಿಟ್ಟಿನ ರೋಧ 10 ಓಮ್ ಇದ್ದರೆ ಆ ಕ್ಷಣ ಪಟ್ಟಿಯಲ್ಲಿ ಹುಟ್ಟುವುದು 3 ಲಕ್ಷ ವೋಲ್ಟ್. ಪಕ್ಕದ ಗೋಡೆಯ ಮೀಟರ್ ಬೋರ್ಡಿನ ಅರ್ಥ್ ಬೇರೆಯಾಗಿಯೇ ಉಳಿದಿದ್ದರೆ ಕಿಡಿ ಗೋಡೆ ದಾಟಿ ಹಾರುತ್ತದೆ. ಎರಡೂ ಪಿಟ್‌ಗಳನ್ನು ನೆಲಮಟ್ಟದಲ್ಲಿ ಪಟ್ಟಿಯಿಂದ ಬೆಸೆದರೆ ಎಲ್ಲದರ ವೋಲ್ಟೇಜು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ. ಸೋಲಾರ್ ಫ್ರೇಮು, ಟ್ಯಾಂಕಿನ ಸ್ಟ್ಯಾಂಡು, ಲೋಹದ ಪೈಪುಗಳನ್ನೂ ಇದಕ್ಕೆ ಜೋಡಿಸಿ.

5. ಬೋರ್ಡಿನಲ್ಲಿ ಎಸ್‌ಪಿಡಿ: ಎಂಸಿಬಿ, ಆರ್‌ಸಿಸಿಬಿ, ಸ್ಟೆಬಿಲೈಸರ್ ಇವ್ಯಾವುವೂ ಸಿಡಿಲಿನ ವೇಗಕ್ಕೆ ಸಾಲವು. ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಷನ್ ಡಿವೈಸ್ ಹಾಕಿಸಿ. ತಾರಸಿಯಲ್ಲಿ ಕಡ್ಡಿ ಇದ್ದರೆ ಟೈಪ್ 1, ಇಲ್ಲದಿದ್ದರೆ ಟೈಪ್ 2.

6. ಅಳೆಯಿಸಿ: ಪಶ್ಚಿಮ ಬೆಂಗಳೂರಿನ ಕೆಂಪು ಮಣ್ಣಿನಡಿ ಗಟ್ಟಿ ಬಂಡೆ ಇದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ರೋಧ ಏರುತ್ತದೆ. ಹಾಗಾಗಿ ಮಳೆಗಾಲದಲ್ಲಲ್ಲ, ಮಾರ್ಚ್‌ನಲ್ಲಿ ಅರ್ಥ್ ಟೆಸ್ಟರ್ ಹಿಡಿದು ಅಳೆಯಿಸಿ. 10 ಓಮ್ ಮೀರಿದರೆ ಇನ್ನೊಂದು ಪಿಟ್ ತೋಡಿಸಿ ಮೊದಲಿನದಕ್ಕೆ ಸೇರಿಸಿ. ಕೆಂಗೇರಿ ಕಡೆ ಬಂಡೆ ಸಿಕ್ಕಿ ಪೈಪು ಇಳಿಯದಿದ್ದರೆ, ಪಾಯದ ಸುತ್ತ ಪಟ್ಟಿ ಹೂಳುವುದು ಪರ್ಯಾಯ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಈ ಕೆಲಸ ಮಾಡಿಸಿ. ಐಎಸ್ 3043 ಮತ್ತು ಐಎಸ್/ಐಇಸಿ 62305 ಮಾನದಂಡಗಳ ಪ್ರಕಾರ ಮಾಡುವಿರಾ ಎಂದು ಮೊದಲೇ ಕೇಳಿ.

ಗುಡುಗು ಶುರುವಾದಾಗ

ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ ತಾರಸಿಯಲ್ಲಿ ಒಣಗಿದ ಬಟ್ಟೆ ತರಲು ಓಡಬೇಡಿ. ಟಿವಿ, ಫ್ರಿಡ್ಜಿನ ಪ್ಲಗ್ಗನ್ನು ಗುಡುಗು ಹತ್ತಿರವಾಗುವ ಮೊದಲೇ ಕೀಳಿ. ಲೋಹದ ಪೈಪಿನ ನೀರಿನಲ್ಲಿ ಸ್ನಾನ ಬೇಡ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಮಕ್ಕಳನ್ನು ಹೊರಗೆ ಬಿಡಿ.