ಇಂದು ನಗರದಲ್ಲಿ ಏನೇನಿದೆ? ಸ್ಥಳೀಯ ಪುಟ ಕಲಿಸಿದ ಪಾಠಗಳು

ಧಾರವಾಡದಲ್ಲಿ ಪತ್ರಿಕೆಯ ಸ್ಥಳೀಯ ಪುಟ ನೋಡಿಕೊಳ್ಳುವವರಿಗೆ ಸುದ್ದಿಗೆ ಬರ ಬಂದೀತು, ಕಾರ್ಯಕ್ರಮಕ್ಕೆ ಬಾರದು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಸಾಧನಕೇರಿಯ ಬೇಂದ್ರೆ ಭವನ, ರಂಗಾಯಣ, ಸೃಜನಾ ರಂಗಮಂದಿರ, ಆಲೂರು ವೆಂಕಟರಾವ್ ಭವನ, ಇಷ್ಟೂ ಕಡೆ ಒಂದೇ ಸಂಜೆ ದೀಪ ಬೆಳಗಿಸುವ ಊರಿದು. ಅದೇ ಪುಟದಲ್ಲಿ ಪಾಲಿಕೆ ಸಭೆಗೆ, ನೀರಿನ ಗೋಳಿಗೆ, ಅಪಘಾತಕ್ಕೆ, ಕೋರ್ಟ್ ತೀರ್ಪಿಗೆ ಜಾಗ ಹೊಂದಿಸಬೇಕು. ಹಾಗಾಗಿ ‘ಇಂದಿನ ಕಾರ್ಯಕ್ರಮ’ ಕಾಲಂ ಹೊಸದಾಗಿ ಸೇರಿದವರ ಪಾಲಿಗೆ ಬೀಳುತ್ತದೆ. ಅವರು ಸ್ವಲ್ಪ ಹಳಬರಾದ ಕೂಡಲೇ ಮತ್ತೊಬ್ಬ ಹೊಸಬರಿಗೆ ದಾಟಿಸುತ್ತಾರೆ. ನಾನು ದಾಟಿಸದೆ ಇಟ್ಟುಕೊಂಡೆ. ಕಳ್ಳತನದ ಸುದ್ದಿಗೆ ಕೇಳುವ ಪ್ರಶ್ನೆಗಳನ್ನೇ ಗಾಯನದ ಸುದ್ದಿಗೂ ಕೇಳಬೇಕು ಎಂಬುದು ಅಲ್ಲಿ ಕಲಿತದ್ದರ ಸಾರ.

1. ಆಹ್ವಾನ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ

ಮೇಲ್ತುದಿಯಲ್ಲಿ ದಿವ್ಯ ಸಾನ್ನಿಧ್ಯ. ಆಮೇಲೆ ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ಮಡಿಕೆ ಬಿಚ್ಚಿದರೆ ಸನ್ಮಾನಿತರ ಸಾಲು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ನಂತರ ಸಂಗೀತ ಕಾರ್ಯಕ್ರಮ’. ಹಾಡುವವರು ಯಾರು ಎಂಬುದು ಕೆಲವು ಕಾರ್ಡುಗಳಲ್ಲಿ ಇರುವುದೇ ಇಲ್ಲ. ನಾಲ್ಕು ಸಾಲಿನ ಕಾಲಂನಲ್ಲಿ ನಾನು ಉಳಿಸುವುದು ಕಲಾವಿದರ ಹೆಸರು, ಏನು ಹಾಡುತ್ತಾರೆ ಅಥವಾ ಆಡುತ್ತಾರೆ, ಸ್ಥಳ, ಸಮಯ. ಮರುದಿನ ಬೆಳಗ್ಗೆ ಫೋನ್ ಬರುವುದು ಖಾತ್ರಿ: ‘ನಮ್ಮ ಅಧ್ಯಕ್ಷರ ಹೆಸರ ಬಿಟ್ಟೀರಲ್ರೀ ಸರ್?’ ನನ್ನ ಉತ್ತರವೂ ಬದಲಾಗಿಲ್ಲ: ‘ಅಧ್ಯಕ್ಷರನ್ನ ನೋಡಾಕ ಜನಾ ಬರತಾರೇನ್ರೀ? ಹಾಡವ್ರು ಯಾರು ಅದನ್ನ ಹೇಳ್ರಿ, ದೊಡ್ಡದಾಗಿ ಹಾಕೋಣು.’ ಮುನಿಸಿಕೊಂಡವರೂ ಮುಂದಿನ ಕಾರ್ಡಿನಲ್ಲಿ ಗಾಯಕರ ಹೆಸರನ್ನು ಒಂದೆರಡು ಸಾಲು ಮೇಲೆ ತಂದಿರುತ್ತಾರೆ.

2. ಸ್ಥಳ ಮತ್ತು ಸಮಯವನ್ನು ಕಾರ್ಡು ನೋಡಿ ನಂಬಬೇಡಿ

‘ಸವಾಯಿ ಗಂಧರ್ವ ಭವನದಲ್ಲಿ’ ಎಂದಷ್ಟೇ ಬರೆದ ಪ್ರಕಟಣೆ ಬಂದರೆ ಫೋನ್ ಎತ್ತಲೇಬೇಕು. ಆ ಹೆಸರಿನ ಸಭಾಭವನ ಹುಬ್ಬಳ್ಳಿಯಲ್ಲಿದೆ, ಸ್ಮಾರಕ ಭವನ ಕುಂದಗೋಳದಲ್ಲಿದೆ. ಸಮಯದ್ದು ಇನ್ನೊಂದು ಕತೆ. ಕಾರ್ಡಿನಲ್ಲಿ ಸಂಜೆ 5 ಎಂದಿರುತ್ತದೆ. ಅತಿಥಿಗಳು ಬಂದು, ಭಾಷಣ ಮುಗಿದು, ತಂಬೂರಿ ಶ್ರುತಿ ಮಾಡುವ ಹೊತ್ತಿಗೆ ಏಳೂವರೆ. ‘ಹಾಡು ಖರೇ ಖರೇ ಎಷ್ಟಕ್ಕ ಶುರು ಆಗತೈತ್ರಿ?’ ಎಂದು ಕೇಳಿ ಸಭೆಯ ಸಮಯ, ಗಾಯನದ ಸಮಯ ಎರಡನ್ನೂ ಹಾಕುತ್ತೇನೆ. ಮುಗಿಯುವ ಹೊತ್ತು ಇನ್ನೂ ಮುಖ್ಯ. ಹುಬ್ಬಳ್ಳಿಯಿಂದ ಬರುವವರು ಕೊನೆಯ ಚಿಗರಿ ಬಸ್ಸಿನ ಲೆಕ್ಕ ಹಾಕಿಯೇ ಮನೆ ಬಿಡುತ್ತಾರೆ. ಬಯಲಿನಲ್ಲಿ ನಡೆಯುವುದಾದರೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ಆ ಕಟ್ಟು ಇಲ್ಲ. ‘ಅಹೋರಾತ್ರಿ’ ಎಂಬ ಪದ ಕಂಡರೆ ಬಯಲೋ ಒಳಾಂಗಣವೋ, ಅನುಮತಿ ಸಿಕ್ಕಿದೆಯೋ ಎಂದು ಕೇಳಿಯೇ ಮುಂದುವರಿಯಿರಿ.

3. ಜಾಗ ಕೊಡುವುದಾದರೆ ಮೊದಲೇ ಕೊಡಿ

ಕಾರ್ಯಕ್ರಮ ಮುಗಿದ ಮೇಲೆ ದೀಪ ಬೆಳಗುವ ಫೋಟೊ ಮೂರು ಕಾಲಂ, ನಡೆಯುವ ಮುಂಚೆ ಒಂದೇ ಸಾಲು: ಇದು ನಮ್ಮ ಪತ್ರಿಕೆಗಳ ಹಳೆಯ ರೂಢಿ. ಫೋಟೊ ಬೇಕಾಗಿರುವುದು ವೇದಿಕೆಯಲ್ಲಿ ಕೂತವರಿಗೆ. ಮುನ್ಸೂಚನೆ ಬೇಕಾಗಿರುವುದು ಓದುಗರಿಗೆ. ನಾಟಕ ಯಾವುದು, ನಿರ್ದೇಶಕರು ಯಾರು, ಟಿಕೆಟ್ ಎಷ್ಟು, ಎಲ್ಲಿ ಸಿಗುತ್ತದೆ, ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಎರಡು ದಿನ ಮುಂಚೆ ಬರೆದರೆ ಕುರ್ಚಿಗಳು ತುಂಬುತ್ತವೆ. ನಡೆದುಹೋದ ಮೇಲೆ ಎಷ್ಟು ಚೆಂದ ಬರೆದರೂ ಒಂದು ಕುರ್ಚಿಯೂ ತುಂಬುವುದಿಲ್ಲ.

4. ವರದಿ ಬರೆದರೆ ದಾಖಲೆಯಂತೆ ಬರೆಯಿರಿ

‘ಗಾಯನ ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿತು’ ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ರಾಗದಿಂದ ಶುರು ಮಾಡಿದರು, ವಿಲಂಬಿತ್ ಎಷ್ಟು ಹೊತ್ತು ನಡೆಯಿತು, ವಚನ ಹಾಡಿದರೋ ದಾಸರ ಪದವೋ, ಕೊನೆಗೆ ಭೈರವಿ ಬಂತೋ ಇಲ್ಲವೋ ಬರೆಯಿರಿ. ತಬಲಾ, ಹಾರ್ಮೋನಿಯಂ ಸಾಥ್ ಕೊಟ್ಟವರ ಹೆಸರು ಬಿಡಬೇಡಿ. ಹಿಂದೆ ಕೂತು ತಾನಪುರಾ ಮೀಟಿದ ಶಿಷ್ಯೆಯ ಹೆಸರನ್ನೂ ಕೇಳಿ ಬರೆದುಕೊಳ್ಳಿ. ನಾಟಕದಲ್ಲಾದರೆ ಬೆಳಕು, ಪ್ರಸಾಧನ ಮಾಡಿದವರದು. ಹಳೆಯ ಕಲಾವಿದರ ಬಗ್ಗೆ ಪುಸ್ತಕ ಬರೆಯಹೊರಟವರು ಗ್ರಂಥಾಲಯದಲ್ಲಿ ಪತ್ರಿಕೆಗಳ ಕಟ್ಟು ಬಿಚ್ಚಿ ಹುಡುಕುವುದು ಇಂಥ ಹೆಸರುಗಳನ್ನೇ. ಅತಿಥಿಗಳ ಭಾಷಣ ಸಿಕ್ಕರೂ ಅದು ಅವರಿಗೆ ಬೇಕಿರುವುದಿಲ್ಲ.

5. ಊರಿನ ತಾರೀಖುಗಳ ಡೈರಿ ಇಡಿ

ಜುಲೈ 20 ವಿದ್ಯಾವರ್ಧಕ ಸಂಘ ಹುಟ್ಟಿದ ದಿನ. ಮರುದಿನ, ಜುಲೈ 21ರಂದು, 1991ರಲ್ಲಿ ಗಾಯಕ ಬಸವರಾಜ ರಾಜಗುರು ತೀರಿಕೊಂಡರು, 2009ರಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್. ಸೆಪ್ಟೆಂಬರ್ 12ರಂದು ಗಾಯಕರಾದ ಸವಾಯಿ ಗಂಧರ್ವರು 1952ರಲ್ಲಿ, ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ಅಗಲಿದರು. ಜನವರಿ 31 ಕವಿ ಬೇಂದ್ರೆ ಜನ್ಮದಿನ. ಶ್ರಾವಣದಲ್ಲಿ ಮಠಗಳ ಪ್ರವಚನ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಡೈರಿ ಕೈಯಲ್ಲಿದ್ದರೆ ಪ್ರೆಸ್‌ನೋಟ್ ಬರಲಿ ಎಂದು ಕಾಯಬೇಕಿಲ್ಲ. ‘ಈ ಸಲ ಏನ್ ಮಾಡಾಕತ್ತೀರಿ?’ ಎಂದು ನಾವೇ ಕೇಳಬಹುದು. ‘ಈ ಸಲ ಅನುದಾನ ಬಂದಿಲ್ರಿ’ ಎಂಬ ಉತ್ತರ ಬಂದರೆ, ಅದು ಕಾರ್ಯಕ್ರಮದ ಸುದ್ದಿಗಿಂತ ದೊಡ್ಡ ಸುದ್ದಿ.

6. ದೊಡ್ಡ ಸುದ್ದಿ ಬಂದ ದಿನ ಈ ಕಾಲಂ ತೆಗೆಯಬೇಡಿ

ಜಾಗ ಸಾಲದಾದಾಗ ಪುಟ ಕಟ್ಟುವವರ ಕತ್ತರಿ ಮೊದಲು ಇಲ್ಲಿಗೇ ಬರುತ್ತದೆ. ಆದರೆ ಓದುಗರು ಈ ಕಾಲಂ ಅನ್ನು ಕಣ್ಣಿಟ್ಟು ಓದುವುದು ಅಂಥ ದಿನವೇ, ಏಕೆಂದರೆ ಏನು ರದ್ದಾಯಿತು, ಏನು ಮುಂದೆ ಹೋಯಿತು ಎಂದು ಅವರಿಗೆ ತಿಳಿಯಬೇಕು. 2020ರ ಮಾರ್ಚ್ 13ರಂದು ಕೊರೊನಾ ಕಾರಣಕ್ಕೆ ಜನ ಸೇರುವ ಕಾರ್ಯಕ್ರಮಗಳನ್ನು ಸರ್ಕಾರ ನಿಲ್ಲಿಸಿದಾಗ ‘ರದ್ದಾದ ಕಾರ್ಯಕ್ರಮಗಳು’ ಎಂಬ ಪಟ್ಟಿಯೇ ಸುದ್ದಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಹೋದರು. ಮೂರು ದಿನಕ್ಕೆ ರಾಜ್ಯೋತ್ಸವ. ಮೆರವಣಿಗೆ ಇದೆಯೇ, ಡೊಳ್ಳು ಇರುತ್ತದೆಯೇ, ಬರೀ ಧ್ವಜಾರೋಹಣವೇ ಎಂದು ಪ್ರತಿಯೊಂದು ಸಂಘವನ್ನೂ ಕೇಳಬೇಕಾದ ಹೊತ್ತು ಅದು. ಶೋಕಾಚರಣೆ ಘೋಷಣೆಯಾದರೆ ಸರ್ಕಾರಿ ಮನರಂಜನಾ ಕಾರ್ಯಕ್ರಮಗಳು ನಿಲ್ಲುತ್ತವೆ. ಖಾಸಗಿಯವರದು ಅವರವರ ತೀರ್ಮಾನ. ಊಹಿಸಿ ಬರೆಯುವಂತಿಲ್ಲ.

ಚುನಾವಣೆಯದು ಬೇರೆ ತಮಾಷೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಧಾರವಾಡದಲ್ಲಿ ಮತದಾನ ನಡೆದದ್ದು ಮೇ 7ಕ್ಕೆ. ಇಂಥ ತಿಂಗಳುಗಳಲ್ಲಿ ಆಹ್ವಾನ ಪತ್ರಿಕೆಯಿಂದ ಸಚಿವರು, ಶಾಸಕರು ಮಾಯವಾಗುತ್ತಾರೆ, ಸಭೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಗಾಯಕರು ಹೇಳಿದ ಸಮಯಕ್ಕೇ ವೇದಿಕೆ ಹತ್ತುತ್ತಾರೆ. ರಸಿಕರು ನೀತಿ ಸಂಹಿತೆಗೆ ಕೈಮುಗಿಯಬೇಕು.

7. ಪುಟದ ಅಕ್ಕಪಕ್ಕ ನೋಡಿ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿಯಿತು. ದಿನಗಟ್ಟಲೆ ಅವಶೇಷ ತೆಗೆದರು. 19 ಜನ ಸತ್ತರು. ಹೋಳಿಯ ದಿನಗಳವು. ಅಂಥ ವಾರದಲ್ಲಿ ರಕ್ಷಣಾ ಕಾರ್ಯದ ಚಿತ್ರದ ಪಕ್ಕದಲ್ಲೇ ಹಾಸ್ಯ ಸಂಜೆಯ ನಗುಮುಖ ಕೂತರೆ ಸತ್ತವರಿಗೂ ಕಲಾವಿದರಿಗೂ ಅವಮಾನ. ಪುಟ ಮುದ್ರಣಕ್ಕೆ ಬಿಡುವ ಮುಂಚೆ ಒಮ್ಮೆ ಇಡೀ ಹಾಳೆಯನ್ನು ಓದುಗರಂತೆ ನೋಡಬೇಕು: ಯಾವ ಶೀರ್ಷಿಕೆ ಯಾವ ಫೋಟೊಗೆ ಅಂಟಿಕೊಂಡಿದೆ, ಜಾಹೀರಾತು ಏನು ಹೇಳುತ್ತಿದೆ. ಕಾರ್ಯಕ್ರಮದ ಸುದ್ದಿ ಬೇರೆ ಪುಟಕ್ಕೆ ಹೋಗಲಿ, ಫೋಟೊ ಬಿಟ್ಟು ಅಕ್ಷರ ಮಾತ್ರ ಉಳಿಯಲಿ, ನಡೆಯುತ್ತದೆ.

8. ಈ ಪುಟದಲ್ಲಿ ಬರುವ ಹೆಸರು ಒಂದು ದಿನ ಮುಖಪುಟಕ್ಕೆ ಹೋಗುತ್ತದೆ

2015ರ ಆಗಸ್ಟ್ 30, ಭಾನುವಾರ ಬೆಳಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಕಲ್ಯಾಣ ನಗರದ ಮನೆಯಲ್ಲಿ ಗುಂಡಿಕ್ಕಿ ಕೊಂದರು. ಅಲ್ಲಿಯವರೆಗೆ ಅವರು ‘ಸಂಜೆ ಉಪನ್ಯಾಸ’ದ ಸಾಲಿನಲ್ಲಿ, ಪುಸ್ತಕ ಬಿಡುಗಡೆಯ ಸಾಲಿನಲ್ಲಿ ಕಾಣುತ್ತಿದ್ದ ಹೆಸರು. ದೇಶದ ಪತ್ರಿಕೆಗಳೆಲ್ಲ ಧಾರವಾಡದತ್ತ ತಿರುಗಿದ ಆ ದಿನ, ಶಾಸನಗಳಲ್ಲಿ ಅವರು ಮಾಡಿದ ಕೆಲಸ ಏನು, ವಚನಗಳ ಸಂಪಾದನೆಯಲ್ಲಿ ಅವರ ಪಾತ್ರ ಎಷ್ಟು, 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ‘ಮಾರ್ಗ 4’ರಲ್ಲಿ ಏನಿದೆ ಎಂದು ಹೇಳಬಲ್ಲವರು ಅವರ ಉಪನ್ಯಾಸಗಳಿಗೆ ಹೋಗಿ ಕೂತವರು. ಅಪರಾಧ ವರದಿಗಾರನಿಗೆ ಪೊಲೀಸರ ಮಾಹಿತಿ ಸಿಗುತ್ತದೆ. ಸತ್ತವರು ಬದುಕಿದ್ದಾಗ ಏನು ಹೇಳಿದ್ದರು ಎಂಬುದು ಸಂಜೆಯ ಸಭೆಗಳ ಟಿಪ್ಪಣಿ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಎಸೆಯಬೇಡಿ.

9. ಶಾಲು ಬೇಡ, ಕುರ್ಚಿ ಸಾಕು

‘ಪತ್ರಕರ್ತರಿಗೂ ಒಂದು ಸನ್ಮಾನ ಇಟ್ಟೀವ್ರಿ’ ಎಂದು ಸಂಘಟಕರು ಪ್ರೀತಿಯಿಂದಲೇ ಕರೆಯುತ್ತಾರೆ. ಒಮ್ಮೆ ಶಾಲು ಹೊದೆಸಿಕೊಂಡರೆ ಮುಂದಿನ ಸಲ ಅವರ ಅನುದಾನದ ಲೆಕ್ಕ ಕೇಳಲು ಬಾಯಿ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಕಿಕ್ಕಿರಿದು ತುಂಬಿದ್ದ ಸಭಾಂಗಣ’ ಎಂಬ ಪ್ರಕಟಣೆ ಎಷ್ಟೋ ಸಲ ಕಾರ್ಯಕ್ರಮ ಶುರುವಾಗುವ ಮುಂಚೆಯೇ ತಯಾರಾಗಿರುತ್ತದೆ. ಎಷ್ಟು ಜನ ಬಂದಿದ್ದರು, ಎಷ್ಟು ಜನ ಕೊನೆಯವರೆಗೆ ಉಳಿದರು ಎಂದು ಎಣಿಸಿದವರಿಗೆ ಮಾತ್ರ ಅದನ್ನು ತಿದ್ದುವ ಅಧಿಕಾರ ಇರುತ್ತದೆ.