ಕಬ್ಬಿಣದ ಬಾಣಲೆ, ಹುಣಸೆಹುಳಿ ಮತ್ತು ಒಂದು ‘2’

ಹಿರಿಯೂರಿನ ನನ್ನ ಕ್ಲಿನಿಕ್‌ಗೆ ಒಬ್ಬ ತಾಯಿ ಸುಸ್ತೆಂದು ಬಂದಿದ್ದರು. ಕಣ್ಣಿನ ಕೆಳರೆಪ್ಪೆಯೊಳಗೆ ಬಿಳುಪು. ಹಿಮೋಗ್ಲೋಬಿನ್ 8 ಗ್ರಾಂ. ಜೊತೆಗಿದ್ದ ಹತ್ತನೇ ತರಗತಿಯ ಮಗ ಬೆಂಚಿನ ಮೇಲೆ ಹೋಂವರ್ಕ್ ಬರೆಯುತ್ತಿದ್ದ: ಕಬ್ಬಿಣ + ಹೈಡ್ರೋಕ್ಲೋರಿಕ್ ಆಮ್ಲ → ಫೆರಸ್ ಕ್ಲೋರೈಡ್ + ಹೈಡ್ರೋಜನ್. ‘ಸರಿದೂಗಿಸೋಕೆ ಬರ್ತಿಲ್ಲ ಸಾರ್’ ಎಂದ.

ಎಣಿಸಿ ನೋಡೋಣ. ಆಮ್ಲದ ಒಂದು ಅಣುವಿನಲ್ಲಿ ಹೈಡ್ರೋಜನ್ ಒಂದು, ಕ್ಲೋರಿನ್ ಒಂದು. ಬಲಗಡೆ ಎರಡೆರಡು ಇವೆ. ಆಮ್ಲದ ಎಡಕ್ಕೆ 2 ಬರೆದರೆ ಮುಗಿಯಿತು. ಲೆಕ್ಕ ಕೂಡಲಿಲ್ಲವೆಂದು ಫೆರಸ್ ಕ್ಲೋರೈಡಿನ ಸೂತ್ರವನ್ನೇ ತಿದ್ದಬಾರದು. ಮಕ್ಕಳು ಎಡವುವುದು ಅಲ್ಲೇ. ತೂಕದಲ್ಲಿ ಹೇಳುವುದಾದರೆ 56 ಗ್ರಾಂ ಕಬ್ಬಿಣಕ್ಕೆ 73 ಗ್ರಾಂ ಆಮ್ಲ. ಸಿಗುವುದು 127 ಗ್ರಾಂ ಲವಣ, 2 ಗ್ರಾಂ ಹೈಡ್ರೋಜನ್. ಎರಡೂ ಕಡೆ 129.

ಇದೇ ಆಮ್ಲ ನಮ್ಮ ಜಠರದಲ್ಲಿದೆ. ಆಹಾರದ ಕಬ್ಬಿಣ ಕರಗಿ ರಕ್ತಕ್ಕೆ ಸೇರಲು ಅದು ನೆರವಾಗುತ್ತದೆ. ಆ ತಾಯಿ ‘ಗ್ಯಾಸ್’ ಎಂದು ಅಂಗಡಿಯಿಂದ ತಂದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರು! ಆಮ್ಲ ಕುಗ್ಗಿಸುವ ಮಾತ್ರೆ ಬಹುಕಾಲ ತಿಂದರೆ ಕಬ್ಬಿಣ ಹೀರಿಕೆ ಕಡಿಮೆಯಾಗುತ್ತದೆ. ಊಟದ ಜೊತೆಗಿನ ಚಹಾವೂ ಅಡ್ಡಿಯೇ.

ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿ ಕೊರತೆ. ಹುಣಸೆಹುಳಿಯ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಹುಳಿಯ ಟಾರ್ಟಾರಿಕ್ ಆಮ್ಲ ಒಂದಿಷ್ಟು ಕಬ್ಬಿಣವನ್ನು ಅಡುಗೆಗೆ ಬಿಡುತ್ತದೆ. ಒಳ್ಳೆಯದೇ. ಆದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದವರಿಗೆ ಬಾಣಲೆ ಸಾಲದು. ಕಬ್ಬಿಣದ ಮಾತ್ರೆ ಬೇಕು, ರಕ್ತ ಎಲ್ಲಿ ನಷ್ಟವಾಗುತ್ತಿದೆ ಎಂದೂ ಹುಡುಕಬೇಕು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ.

‘ಹಾಗಾದರೆ ತಾಮ್ರದ್ದೂ ಒಳ್ಳೆಯದಲ್ಲವಾ ಡಾಕ್ಟ್ರೇ?’ ಎಂದರು ತಾಯಿ. ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಆ ಲೋಹದ ಗುಣವೇ ಬೇರೆ. ಹುಳಿಯಿಂದ ಹೈಡ್ರೋಜನ್ ಹೊರದೂಡುವ ಶಕ್ತಿ ಅದಕ್ಕಿಲ್ಲ, ಗಾಳಿಯ ಆಮ್ಲಜನಕ ಸೇರಬೇಕು: 2 ತಾಮ್ರ + 1 ಆಮ್ಲಜನಕದ ಅಣು + 2 ಟಾರ್ಟಾರಿಕ್ ಆಮ್ಲ → 2 ತಾಮ್ರದ ಟಾರ್ಟ್ರೇಟ್ + 2 ನೀರು. ರಾತ್ರಿಯಿಡೀ ಸಾರು ಪಾತ್ರೆಯಲ್ಲೇ ಉಳಿದರೆ ಇದಕ್ಕೆ ಬೇಕಾದಷ್ಟು ಸಮಯ. ಬೆಳಿಗ್ಗೆ ಅದನ್ನು ಉಂಡವರಿಗೆ ಬಾಯಲ್ಲಿ ಲೋಹದ ರುಚಿ, ಹೊಟ್ಟೆನೋವು, ವಾಂತಿ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತುವೂ ಇದೆ. ಸತು ಹುಳಿಗೆ ನೇರವಾಗಿಯೇ ಕರಗುತ್ತದೆ. ನಮ್ಮ ಅಜ್ಜಿಯರು ತವರದ ಕಲಾಯಿ ಹಾಕಿಸುತ್ತಿದ್ದುದು ಅಂದಕ್ಕಲ್ಲ.

ಪಾತ್ರೆಯೊಳಗೆ ಕಲಾಯಿ ಹೋಗಿ ಹಳದಿ ಕಂಡರೆ, ಕಿಲುಬು ಕಟ್ಟಿದರೆ, ಅದರಲ್ಲಿ ಸಾರು, ಮಜ್ಜಿಗೆ, ಉಪ್ಪಿನಕಾಯಿ ಬೇಡ. ಸ್ನಾನದ ನೀರು ಕಾಯಿಸಲು ಅಡ್ಡಿಯಿಲ್ಲ.