‘ಗಾಂಧಿ’ ಕತೆಗೆ ನಾನು ಬರೆದ ನೀತಿ

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಅಭ್ಯಾಸ ಬೋಧನೆಗೆಂದು ಹೋಗಿದ್ದಾಗ ಕನ್ನಡ ಶಿಕ್ಷಕರು ರಜೆಯಲ್ಲಿದ್ದರು. ಮುಖ್ಯ ಶಿಕ್ಷಕರು 9ನೇ ತರಗತಿಯ ಎರಡು ಬದಲಿ ಅವಧಿಗಳನ್ನು ನನಗೆ ಕೊಟ್ಟರು. ಪಿಯುಸಿಯಲ್ಲಿ ಓದಿದ್ದ ಬೆಸಗರಹಳ್ಳಿ ರಾಮಣ್ಣನವರ ‘ಗಾಂಧಿ’ ಕತೆಯನ್ನು ಆರಿಸಿಕೊಂಡೆ. ರಾಮಣ್ಣನವರು (1938–1998) ನಮ್ಮ ಮದ್ದೂರು ತಾಲ್ಲೂಕಿನವರು, ವೃತ್ತಿಯಿಂದ ವೈದ್ಯರು. ಕತೆಯ ಹುಡುಗನ ಹೆಸರೇ ಗಾಂಧಿ. ಹಳ್ಳಿಯ ಬಡ ಮನೆಯ ಈ ಹುಡುಗ ಕಾಯಿಲೆಯಾಗಿ ಆಸ್ಪತ್ರೆ ಸೇರಿ, ಅಲ್ಲಿನ ಲಂಚ, ನಿರ್ಲಕ್ಷ್ಯಗಳ ನಡುವೆ ತೀರಿಕೊಳ್ಳುತ್ತಾನೆ. ಓದಿದವರಿಗೆ ಸಮಾಧಾನ ಹೇಳುವ ಕತೆ ಇದಲ್ಲ.

ಆ ಸಮಾಧಾನವನ್ನು ನಾನು ಹೇಳಲು ಹೋದೆ. ಪಾಠಯೋಜನೆಯ ‘ಮೌಲ್ಯ’ದ ಕಾಲಂ ಖಾಲಿ ಬಿಡಬಾರದೆಂದು, ಕತೆ ಓದಿ ಮುಗಿಸಿ ಕಪ್ಪುಹಲಗೆಯ ಮೇಲೆ ಬರೆದೆ: ‘ಲಂಚ ಕೊಡುವುದೂ ತೆಗೆದುಕೊಳ್ಳುವುದೂ ತಪ್ಪು.’ ಮಕ್ಕಳು ಒಕ್ಕೊರಲಿನಿಂದ ಓದಿದರು. “ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ?” ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ವೀಕ್ಷಣೆಗೆ ಕುಳಿತಿದ್ದ ನನ್ನ ಸಹಪಾಠಿ ‘ಉದ್ದೇಶ ಈಡೇರಿದೆ’ ಎಂದು ಬರೆದಳು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ನನ್ನ ಹಿಂದೆಯೇ ಬಂದಳು. “ಕಾಸು ಕೊಟ್ರೂ ನಮ್ಮಜ್ಜಿ ಉಳೀಲಿಲ್ಲ ಮಿಸ್. ನಮ್ಮಪ್ಪನೂ ತಪ್ಪು ಮಾಡ್ದಂಗಾ?”

ನಾನು ಉತ್ತರ ಕೊಡಲಿಲ್ಲ. ನಾಳೆ ಮಾತಾಡೋಣ ಎಂದೆ.

ಅಂದು ರಾತ್ರಿ ಕಾನೂನು ಏನು ಹೇಳುತ್ತದೆಂದು ನೋಡಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿ, ಲಂಚ ಕೊಡುವುದೂ ನೇರ ಅಪರಾಧವಾಯಿತು. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ದೂರು ಕೊಟ್ಟರೆ ಅವರಿಗೆ ಅದು ಅನ್ವಯಿಸುವುದಿಲ್ಲ. ಸಾವಿನ ಮನೆಯಲ್ಲಿ 11ನೇ ದಿನದ ತಿಥಿ ಮುಗಿಯುವ ಹೊತ್ತಿಗೆ ಆ ಗಡುವು ದಾಟಿರುತ್ತದೆ. ಆದರೂ ಕಾನೂನು ಕೊಡುವವರಲ್ಲಿ ಬಲವಂತಕ್ಕೆ ಸಿಕ್ಕವರನ್ನು ಬೇರೆಯಾಗಿ ನೋಡುತ್ತದೆ. ನನ್ನ ಹಲಗೆಯ ವಾಕ್ಯ ನೋಡಿರಲಿಲ್ಲ.

ಮರುದಿನ ತರಗತಿಗೆ ಹೇಳಿದೆ: “ನಿನ್ನೆ ನಾನು ಬರೆದ ವಾಕ್ಯ ಪೂರ್ತಿ ಸರಿಯಲ್ಲ.” ತಿದ್ದುಪಡಿಯ ವಿಷಯ ವಿವರಿಸಿದೆ. ನಂತರ ವಿಜ್ಞಾನದ ತರಗತಿಯಲ್ಲಿ ಮಾಡುವಂತೆ ಕಾರಣ–ಪರಿಣಾಮದ ಸರಪಳಿ ಬರೆಸಿದೆ. ಗುಂಪುಗಳಿಗೆ ಮೂರು ಪ್ರಶ್ನೆ: ಗಾಂಧಿಯನ್ನು ಉಳಿಸಲು ಎಲ್ಲೆಲ್ಲಿ ಸಾಧ್ಯವಿತ್ತು? ಆ ಗಳಿಗೆಯಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು? ಅವನ ಮನೆಯವರಿಗೆ ಬೇರೆ ದಾರಿ ಏನಿತ್ತು? ಮನೆಯ ವಿಷಯ ಕೇಳಲಿಲ್ಲ. ಹಿಂದಿನ ದಿನ ಸುಮ್ಮನಿದ್ದವರೇ ಅಂದು ವಾದ ಮಾಡಿದರು. ಮೂರನೇ ಪ್ರಶ್ನೆಗೆ ಎರಡು ಗುಂಪುಗಳು ಬರೆದದ್ದು ಒಂದೇ ಪದ: ‘ಇಲ್ಲ.’ ಆ ಹುಡುಗಿ ಬಾಯಿ ಬಿಡಲಿಲ್ಲ, ತನ್ನ ಹಾಳೆಯಲ್ಲಿ ಬರೆದಿದ್ದಳು: ‘ಕೇಳಿದವರ ತಪ್ಪು ಮೊದಲು ಬರೀಬೇಕು.’

ಮಂಡ್ಯಕ್ಕೆ ಮರಳಿದ ಮೇಲೆ ಮಾರ್ಗದರ್ಶಕರಿಗೆ ಎರಡೂ ಪಾಠಯೋಜನೆಗಳನ್ನು ಒಪ್ಪಿಸಿದೆ. ಎರಡನೆಯದರಲ್ಲಿ ‘ಮೌಲ್ಯ’ದ ಕಾಲಂ ಖಾಲಿಯಿದೆ. ನನ್ನ ಜೊತೆಯ ಪ್ರಶಿಕ್ಷಣಾರ್ಥಿಗಳಿಗೆ ಇಷ್ಟೇ ಹೇಳಬಲ್ಲೆ: ಸಾವು, ಸಾಲ, ಲಂಚದ ಕತೆ ಓದಿಸುವಾಗ ಅದು ತರಗತಿಯ ಯಾವುದೋ ಮನೆಯಲ್ಲಿ ನಡೆದಿದೆ ಎಂದೇ ತಿಳಿಯಿರಿ. ಪ್ರಶ್ನೆಯನ್ನು ಕತೆಯ ಪಾತ್ರಗಳಿಗೆ ಹಾಕಿ, ಮಕ್ಕಳ ಮನೆಗೆ ಬೇಡ. ತೀರ್ಪನ್ನು ನೀವೇ ಮೊದಲು ಬರೆಯಬೇಡಿ.